ಮೂವತ್ತೆರಡು ಹೌದು

ಮೂವತ್ತೆರಡನೆಯವಳು ಸುಳ್ಳು ಹೇಳಿದಳು. ಅದು ಮಂಗಳವಾರ, ಸಂಜೆ ಐದೂಕಾಲು ಗಂಟೆ, ಪಾರ್ಕಿನ ಎರಡನೆಯ ಗೇಟಿನ ಎದುರಿನ ಕಲ್ಲುಬೆಂಚು. ಬೆಳಕು ಚೆನ್ನಾಗಿತ್ತು. ನಾನು ಕಂಡದ್ದರಲ್ಲಾಗಲಿ ಕೇಳಿದ್ದರಲ್ಲಾಗಲಿ ಅನುಮಾನಕ್ಕೆ ಜಾಗವಿಲ್ಲ.

ಅವಳು ಟೈಲರ್ ಇರಬೇಕು. ಕುತ್ತಿಗೆಗೆ ಇಳಿಬಿಟ್ಟ ಅಳತೆ ಟೇಪನ್ನು ತೆಗೆದಿಡಲು ಮರೆತು ಬಂದಿದ್ದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ನನ್ನ ಕೈ ನೋಡಿದಳು.

"ಅದೇನಕ್ಕಾ, ಇಸ್ಪೀಟಾ?"

"ಹೂಂ. ಒಂದು ಎಲೆ ತಗೊಳ್ತೀರಾ? ನೋಡಿ, ನಂಗೆ ತೋರಿಸ್ಬೇಡಿ."

ಕಟ್ಟನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದೆ. ಅವಳ ಬೆರಳು ಬಂತು, ಒಂದು ಎಲೆಯನ್ನು ಎಳೆಯಿತು. ಅವಳು ಅದನ್ನು ಎದೆಗೆ ಒತ್ತಿ ಹಿಡಿದು ಬಗ್ಗಿ ನೋಡಿಕೊಂಡಳು. ನಾನು ಕಟ್ಟನ್ನು ಮುಚ್ಚಿ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದೆ. ನಡುವೆ ಒಂದು ಕಡೆ ಬೆರಳಿಗೆ ಸಣ್ಣ ತಗ್ಗು ಸಿಕ್ಕಿತು. ಟಿಕ್ ಎಂದಿತು.

ಆ ತಗ್ಗು ಅಲ್ಲಿ ಇರಬಾರದಿತ್ತು.

ಜಾದೂ ಮಾಡುವವರು ಗುಟ್ಟು ಬಿಡಬಾರದು ಎನ್ನುತ್ತಾರೆ. ಆದರೆ ಇದೊಂದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಕಟ್ಟಿನಲ್ಲಿ ಐವತ್ತೆರಡು ಎಲೆಗಳಿವೆ. ಅವುಗಳಲ್ಲಿ ಆಟೀನ್ ಏಳು, ಅಂದರೆ ಕೆಂಪು ಹೃದಯದ ಗುರುತಿನ ಏಳು, ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಎದುರಿನವರ ಬೆರಳು ಬರುವ ಹೊತ್ತಿಗೆ ಸರಿಯಾಗಿ ಆ ಏಳನ್ನು ಅದರ ಕೆಳಗೆ ಸರಿಸಬೇಕು. ಆರಿಸಿಕೊಂಡದ್ದು ತಾವೇ ಎಂದು ಅವರು ನಂಬಬೇಕು, ಕೊಟ್ಟದ್ದು ನಾನಾಗಿರಬೇಕು. ಆಟ ಅಷ್ಟೇ. ಏಳು ಅವರ ಕೈ ಸೇರಿದ ಮೇಲೆ ಕಟ್ಟಿನ ಅಂಚು ಸಪಾಟಾಗಿರುತ್ತದೆ. ಟಿಕ್ ಎಂದರೆ ಏಳು ಇನ್ನೂ ನನ್ನ ಬಳಿಯೇ ಇದೆ ಎಂದರ್ಥ. ಅಲ್ಲಿಯವರೆಗೆ ಎಲೆ ಹೋದ ಮೇಲೆ ಅಂಚು ಮುಟ್ಟಿ ನೋಡಿದವಳೇ ಅಲ್ಲ, ಎದುರಿನವರ ಹೌದೇ ಸಾಕಾಗುತ್ತಿತ್ತು; ಆವತ್ತು ಬೆರಳು ತಾನಾಗಿಯೇ ಎಳೆದಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂವತ್ತೊಂದು ಸಲ ಹೇಳಿ ಪಳಗಿದ ಬಾಯಿ ಕೈಗಿಂತ ಮುಂದೆ ಓಡಿತು.

"ನಿಮ್ಮದು ಆಟೀನ್ ಏಳು."

ಅವಳು ಎಲೆಯನ್ನು ಇನ್ನೊಮ್ಮೆ ನೋಡಲೂ ಇಲ್ಲ. "ಅಯ್ಯೋ ಹೌದಕ್ಕಾ, ಅದೇ. ಹೆಂಗೆ ಗೊತ್ತಾಯ್ತು?" ಎಂದಳು. ಎಲೆಯನ್ನು ಮಗುಚಿ ಹಿಡಿದೇ ಕಟ್ಟಿನೊಳಗೆ ತುರುಕಿ ಎದ್ದಳು. ಗೇಟು ದಾಟಿದ ಮೇಲೆ ರಸ್ತೆಯ ಆಚೆ ನೋಡಿ ಒಮ್ಮೆ ಕೈ ಎತ್ತಿದಳು.

ರಸ್ತೆಯ ಆಚೆ ನನ್ನ ಗಂಡನ ಫೋಟೋ ಸ್ಟುಡಿಯೋ ಇದೆ.

ನಾನು ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಎಣಿಕೆಯವಳು. ಹತ್ತೊಂಬತ್ತು ವರ್ಷವಾಯಿತು. ಅಚ್ಚಾದ ಹಾಳೆಗಳ ಅಟ್ಟಿ ಬಂದರೆ ಅದರ ಮೂಲೆ ಹಿಡಿದು ಬೀಸಣಿಗೆಯಂತೆ ತಿರುಚಿ, ಬೆರಳ ತುದಿಯಲ್ಲಿ ಐದೈದಾಗಿ ಎಣಿಸಿ, ನೂರಾದಾಗ ಒಂದು ಚೀಟಿ ಸಿಕ್ಕಿಸುತ್ತೇನೆ. ಹಾಳೆ ಹೆಚ್ಚಾದರೂ ಕಡಿಮೆಯಾದರೂ ಬೆರಳೇ ಹೇಳುತ್ತದೆ. ಇಷ್ಟು ವರ್ಷಗಳಲ್ಲಿ ನನ್ನ ಎಣಿಕೆ ತಪ್ಪಿದ್ದು ನಾಲ್ಕು ಸಲ. ನಾಲ್ಕೂ ನೆನಪಿವೆ.

ಜಾದೂ ಕಲಿತದ್ದು ಹಾಳಾದ ಹಾಳೆಯಿಂದ. ಮಸಿ ಕದಡಿದ ಹಾಳೆಗಳನ್ನು ನಾವು ಮೇಜಿಗೆ ಹಾಸಿಕೊಳ್ಳುತ್ತೇವೆ. ಹೋದ ವರ್ಷ ಹಾಗೆ ಹಾಸಿದ್ದರಲ್ಲಿ ಇಸ್ಪೀಟ್ ಜಾದೂ ಕಲಿಸುವ ಪುಸ್ತಕದ ಒಂದು ಫಾರಂ, ಅಂದರೆ ಹದಿನಾರು ಪುಟ ಅಚ್ಚಾದ ಒಂದು ದೊಡ್ಡ ಹಾಳೆ, ಇತ್ತು. ಮಡಿಸದ ಫಾರಂನಲ್ಲಿ ಒಂದನೆಯ ಪುಟದ ಪಕ್ಕ ಹದಿನಾರನೆಯದು, ತಲೆಕೆಳಗಾಗಿ ಎಂಟು ಮತ್ತು ಒಂಬತ್ತು. ಬೇರೆಯವರು ಗಾಬರಿಯಾದಾರು, ನಮಗೆ ಅದೇ ಅಭ್ಯಾಸ. ಮಡಿಸಿ, ಹೊಲಿದು, ಮನೆಗೆ ಒಯ್ದೆ. ಎಲೆ ಕೊಡುವುದು ಹೇಗೆ ಎಂಬುದು ಆ ಹದಿನಾರು ಪುಟಗಳಲ್ಲಿತ್ತು. ಎಲೆ ತಪ್ಪಿದರೆ ಏನು ಮಾಡಬೇಕು ಎಂಬುದು ಮುಂದಿನ ಫಾರಂನಲ್ಲಿತ್ತು. ಆ ಫಾರಂ ಚೆನ್ನಾಗಿ ಅಚ್ಚಾಗಿದ್ದರಿಂದ ನನಗೆ ಸಿಗಲಿಲ್ಲ.

ಆಟೀನ್ ಏಳನ್ನು ಗಿಡ್ಡ ಮಾಡಿಕೊಟ್ಟವರು ನಮ್ಮ ಕಟಿಂಗ್ ಮಾಮ. ಸಾವಿರ ಪುಸ್ತಕದ ಅಂಚನ್ನು ಒಂದೇ ಮಟ್ಟಕ್ಕೆ ತರುವ ಮನುಷ್ಯನಿಗೆ ಒಂದು ಎಲೆ ಯಾವ ಲೆಕ್ಕ. ಆದರೂ ಮಷೀನಿಗೆ ಇಡುವ ಮೊದಲು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಯಾರಿಗಮ್ಮಾ ಟೋಪಿ ಹಾಕೋಕೆ?"

"ಗುರುತಿಲ್ಲದವರಿಗೆ ಮಾಮ."

"ಅದು ಕಷ್ಟ. ಗುರುತಿರೋರಿಗೆ ಹಾಕೋದೇ ಸುಲಭ."

ಹನ್ನೊಂದು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿದೆ. ಊಟವಾದ ಮೇಲೆ ಮೇಜು ಒರೆಸಿ, ಎದುರಿಗೆ ಗಂಡನನ್ನು ಕೂರಿಸಿಕೊಂಡು, ದಿನಕ್ಕೆ ಮೂರು ಸಲ. ಅವರು ಲೆನ್ಸ್ ಒರೆಸುತ್ತಲೋ ಮೊಬೈಲ್ ನೋಡುತ್ತಲೋ ಒಂದು ಕೈ ಚಾಚಿ ಎಲೆ ಎಳೆಯುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು "ಹೂಂ, ಅದೇ" ಅನ್ನುತ್ತಿದ್ದರು. ಮೊದಮೊದಲು ತಪ್ಪುತ್ತಿತ್ತು, "ಅಲ್ಲ ಕಣೇ" ಅನ್ನುತ್ತಿದ್ದರು. ನಾಲ್ಕನೆಯ ತಿಂಗಳಿಂದ ತಪ್ಪುವುದು ನಿಂತಿತು. ಕೈ ಪಳಗಿತು ಎಂದುಕೊಂಡೆ.

ಗಂಡನ ಹೂಂ ಸಾಲದು ಎಂಬುದೂ ಗೊತ್ತಿತ್ತು. ಮನೆಯವರಿಗೆ ದಾಕ್ಷಿಣ್ಯ ಇರುತ್ತದೆ. ಹೆತ್ತವರಿಗೆ ಹೆಗ್ಗಣವೂ ಮುದ್ದು. ನನಗೆ ಬೇಕಾಗಿದ್ದದ್ದು ಋಣವಿಲ್ಲದ, ಸಂಕೋಚವಿಲ್ಲದ, ನಾಳೆ ನನ್ನ ಮುಖ ನೋಡಬೇಕಾಗಿಲ್ಲದ ಒಬ್ಬರು ನನ್ನ ಕೈಯನ್ನು ನೋಡಿ ಹೇಳುವ ಒಂದು ಹೌದು. ಹತ್ತೊಂಬತ್ತು ವರ್ಷ ಬೇರೆಯವರ ಪುಸ್ತಕಗಳನ್ನು ಎಣಿಸಿದ ಬೆರಳುಗಳಿಗೆ ತಮ್ಮದೇ ಒಂದು ವಿದ್ಯೆ ಇದೆಯೋ ಇಲ್ಲವೋ ಎಂದು ತಿಳಿಯಬೇಕಿತ್ತು.

ಮೊದಲ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಗುರುವಾರ ಬೆಳಗ್ಗೆ ಹತ್ತು ಗಂಟೆ. ಮೂವರನ್ನು ಕೇಳಿದೆ. ಮೊದಲನೆಯವರು ಎಲೆ ಎಳೆದು, ನನ್ನ ಮಾತು ಕೇಳಿ, "ಇದಲ್ಲಮ್ಮ" ಎಂದು ಎಲೆ ತೋರಿಸಿ ನಕ್ಕರು. ಎರಡನೆಯವರ ಮುಂದೆ ಕಟ್ಟು ಕೈಯಿಂದ ಜಾರಿ ಚಪ್ಪಲಿಗಳ ನಡುವೆ ಚೆಲ್ಲಿತು. ಮೂರನೆಯವಳು ಎಲೆಯನ್ನು ನನ್ನ ಕೈಗೆ ತುರುಕಿ, "ನಮ್ಮ ಬಸ್ ಬಂತು" ಎಂದು ಓಡಿದಳು. ಬಸ್ಸೇನೋ ನಿಜವಾಗಿಯೂ ಬಂದಿತ್ತು. ಮನೆಗೆ ಬಂದು ಕಟ್ಟನ್ನು ಬೀರುವಿನ ಮೇಲೆ ಎಸೆದೆ. ಒಂಬತ್ತು ದಿನ ಮುಟ್ಟಲಿಲ್ಲ.

ಹತ್ತನೆಯ ದಿನ ನನ್ನ ಗಂಡನೇ ಸ್ಟೂಲ್ ಹತ್ತಿ ಅದನ್ನು ಇಳಿಸಿ ಧೂಳು ಒರೆಸಿದರು.

"ಬಸ್ ಸ್ಟ್ಯಾಂಡಲ್ಲಿ ಯಾರಿಗೆ ಪುರುಸೊತ್ತು ಇರುತ್ತೆ? ನಮ್ಮ ಅಂಗಡಿ ಎದುರಿನ ಪಾರ್ಕಿಗೆ ಹೋಗು. ಜನ ಸುಮ್ನೆ ಕೂತಿರ್ತಾರೆ. ನಿಂಗೆ ಬೇಕಾದವ್ರನ್ನ ನೀನೇ ಆರಿಸ್ಕೋ."

ಹೋದೆ. ಮೊದಲ ಸಂಜೆಯೇ ಇಬ್ಬರು ಹೌದೆಂದರು. ಮರುದಿನ ಒಬ್ಬರು, ಆಮೇಲೆ ಮೂವರು. ನಾನು ಕೇಳುವ ಮೊದಲೇ ಪಕ್ಕದಲ್ಲಿ ಬಂದು ಕೂತು, "ಅದೇನು?" ಎನ್ನುತ್ತಿದ್ದರು. ಹಾಳು ಕಾಗದದಿಂದ ಹೊಲಿದ ಸಣ್ಣ ಪುಸ್ತಕದಲ್ಲಿ ತಾರೀಕು, ಹೊತ್ತು, ಆಳಿನ ಗುರುತು, ಸರಿ ಅಥವಾ ತಪ್ಪು ಎಂದು ಬರೆಯುತ್ತ ಹೋದೆ. ಹಸಿರು ಕೊಡೆಯವರು, ಸರಿ. ಕೈಗೆ ಬ್ಯಾಂಡೇಜ್, ಸರಿ. ಕೆಮ್ಮುತ್ತಿದ್ದ ಮೇಷ್ಟರು, ಸರಿ. ಇಪ್ಪತ್ತನಾಲ್ಕು ದಿನದಲ್ಲಿ ಮೂವತ್ತೊಂದು ಜನ, ಮೂವತ್ತೊಂದು ಸರಿ. ತಪ್ಪಿನ ಕಾಲಂ ಖಾಲಿ. ಅದನ್ನು ನೋಡಿಯೇ ನಾನು ಹುಷಾರಾಗಬೇಕಿತ್ತು. ಕಾರ್ಖಾನೆಯಲ್ಲಿ ಒಂದು ರೀಮಿನಲ್ಲೂ ಹಾಳೆ ಹೆಚ್ಚುಕಡಿಮೆ ಇಲ್ಲ ಎಂದರೆ ಯಾರೋ ಎಣಿಸದೆ ಚೀಟಿ ಸಿಕ್ಕಿಸಿದ್ದಾರೆ ಎಂದೇ ಲೆಕ್ಕ.

ಹುಷಾರಾಗಲಿಲ್ಲ. ಹಿಗ್ಗಿದೆ. ನಡೆಯುವ ರೀತಿಯೇ ಬದಲಾಗಿದೆ ಎಂದು ಕಾರ್ಖಾನೆಯಲ್ಲಿ ಗೇಲಿ ಮಾಡಿದರು. "ನಿನ್ನ ಹತ್ರ ಹಾಳೆ ಕೊಡೋಕೇ ಭಯ ಕಣಮ್ಮ, ಮಾಯ ಮಾಡ್ಬಿಟ್ರೆ?" ಎಂದರು ಸೂಪರ್‌ವೈಸರ್. ಮೂರನೆಯ ವಾರ ಲೈಬ್ರರಿಯ ಮೇಡಂ ಪಾರ್ಕಿಗೇ ಬಂದು, ಎಲೆ ಎಳೆದು, ಹೌದೆಂದು, ಮುಂದಿನ ವಾರದ ಶನಿವಾರ ನಾಲ್ಕು ಗಂಟೆಗೆ ತಮ್ಮ ಓದುವ ಹಾಲ್‌ನಲ್ಲಿ ಅರ್ಧ ಗಂಟೆ ಜಾದೂ ತೋರಿಸಬೇಕು ಎಂದು ಕೇಳಿಕೊಂಡರು. ಒಪ್ಪಿಕೊಂಡೆ.

ಆ ಶನಿವಾರಕ್ಕೆ ನಾಲ್ಕು ದಿನ ಇರುವಾಗ ಟೈಲರ್ ಬಂದಳು.

ಅವಳು ಹೋದ ಮೇಲೆ ಎಲೆಗಳನ್ನು ಎರಡು ಸಲ ಎಣಿಸಿದೆ. ಐವತ್ತೆರಡು. ಆಟೀನ್ ಏಳು ತನ್ನ ಜಾಗದಲ್ಲೇ ಇತ್ತು. ಸಂಕೋಚಕ್ಕೆ ಹೌದೆಂದಿರಬಹುದು ಎಂದು ಮೊದಲು ಅನಿಸಿತು. ಸಂಕೋಚಪಡುವವರು ಒಂದು ಕ್ಷಣ ತಡವರಿಸುತ್ತಾರೆ, ಎಲೆಯನ್ನು ಇನ್ನೊಮ್ಮೆ ನೋಡುತ್ತಾರೆ. ಇವಳ ಉತ್ತರ ಮೊದಲೇ ತಯಾರಿತ್ತು. ಮತ್ತೆ, ಆ ಎತ್ತಿದ ಕೈ.

ಸ್ಟುಡಿಯೋಗೆ ಬೀಗ ಹಾಕಿತ್ತು. ಮಂಗಳವಾರಗಳಲ್ಲಿ ಅವರು ಆರು ಗಂಟೆಯ ತನಕ ಒಂದು ಆಫೀಸಿಗೆ ಗುರುತಿನ ಚೀಟಿಯ ಫೋಟೋ ತೆಗೆಯಲು ಹೋಗುತ್ತಾರೆ. ಇವತ್ತು ಹೊರಡುವುದು ತಡವಾಗಿರಬೇಕು, ಬಾಗಿಲಲ್ಲಿ ನಿಂತಿದ್ದ ಅವರಿಗೇ ಅವಳು ಕೈ ಎತ್ತಿದ್ದು. ನನ್ನ ಬಳಿ ಇನ್ನೊಂದು ಕೀ ಇತ್ತು.

ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದು ಹಾಳೆಗೆ ಎಂಟು ಬರುತ್ತವೆ. ಹೆಚ್ಚಿನವರು ಆರು ಒಯ್ಯುತ್ತಾರೆ. ಉಳಿದೆರಡನ್ನು ನನ್ನ ಗಂಡ ಎಸೆಯುವುದಿಲ್ಲ, ಕೌಂಟರಿನ ಕೆಳಗಿನ ಚಪ್ಪಲಿ ಡಬ್ಬಿಯಲ್ಲಿ ಹಾಕಿಡುತ್ತಾರೆ. ಮತ್ತೆ ಬಂದು ಕೇಳಿದರೆ ಇರಲಿ ಎಂದು. ಡಬ್ಬಿ ತೆಗೆದೆ. ಎಲ್ಲಕ್ಕಿಂತ ಮೇಲೆ ಟೈಲರ್ ಇದ್ದಳು. ಟೇಪ್ ಇರಲಿಲ್ಲ.

ಕೆಳಗೆ ಹಸಿರು ಕೊಡೆಯವರು, ಕೊಡೆಯಿಲ್ಲದೆ. ಕೆಮ್ಮುತ್ತಿದ್ದ ಮೇಷ್ಟರು. ಬ್ಯಾಂಡೇಜಿನವರ ಮುಖವಷ್ಟೇ. ಒಂದೊಂದಾಗಿ ತೆಗೆದು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟೆ. ನನ್ನ ಪುಸ್ತಕ ಬಿಚ್ಚಿ ಹೊಂದಿಸಿದೆ. ಮೂವತ್ತೆರಡರಲ್ಲಿ ಹತ್ತೊಂಬತ್ತು ಮುಖಗಳು ಸಿಕ್ಕವು. ಉಳಿದ ಹದಿಮೂವರು ಎಂಟನ್ನೂ ಒಯ್ದವರೋ, ನಿಜವಾಗಿಯೂ ದಾರಿಹೋಕರೋ, ಹೇಳುವಂತಿಲ್ಲ. ಪಾಸ್‌ಪೋರ್ಟ್ ಫೋಟೋದಲ್ಲಿ ಯಾರೂ ನಗಬಾರದು, ಹುಬ್ಬೇರಿಸಬಾರದು. ನನ್ನ ಮುಂದೆ ಬಾಯಿ ತೆರೆದು ಬೆರಗಾಗಿದ್ದ ಹತ್ತೊಂಬತ್ತು ಜನರೂ ಇಲ್ಲಿ ಬೆರಗಿಲ್ಲದೆ ನೇರವಾಗಿ ನನ್ನನ್ನು ನೋಡುತ್ತಿದ್ದರು. ಲೈಬ್ರರಿ ಮೇಡಂ ಹದಿನೇಳನೆಯವರು.

ಆರೂ ಹತ್ತಕ್ಕೆ ಬಾಗಿಲು ತೆರೆಯಿತು.

"ಏನೇ, ಒಬ್ಳೇ ಕೂತು ಇಸ್ಪೀಟ್ ಹರಡ್ಕೊಂಡಿದ್ದೀಯ?" ಎಂದವರು ಹತ್ತಿರ ಬಂದು ಗಾಜಿನ ಮೇಲೆ ನೋಡಿದರು. ಕ್ಯಾಮೆರಾ ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ.

"ಯಾರಿವ್ರೆಲ್ಲ?" ಎಂದೆ.

"ಗಿರಾಕಿಗಳು."

"ನಂಗೂ ಇವ್ರೇ ಗಿರಾಕಿಗಳು. ಏನು ಹೇಳಿ ಕಳಿಸ್ತಿದ್ರಿ?"

"ಹೇಳೋದೇನು. ಪ್ರಿಂಟ್ ಬರೋಕೆ ಅರ್ಧ ಗಂಟೆ ಆಗುತ್ತೆ, ಎದುರಿಗೆ ಪಾರ್ಕಲ್ಲಿ ಕೂತಿರಿ. ನಮ್ಮನೆಯವಳು ಎಲೆ ತೋರಿಸ್ತಾಳೆ, ಅವಳು ಏನಂದ್ರೂ ಹೌದು ಅಂದ್ಬಿಡಿ. ಅಷ್ಟೇ."

"ಅಷ್ಟೇ."

"ಒಬ್ರಾದ್ರೂ ಆಗಲ್ಲ ಅಂದ್ರಾ ನೋಡು. ಜನ ಒಳ್ಳೇವ್ರು."

"ಕೋಲೆಬಸವನ ಹಂಗೆ ತಲೆ ಆಡಿಸೋಕೆ ಒಳ್ಳೇತನ ಯಾಕೆ ಬೇಕು?"

ಅವರು ಬ್ಯಾಗ್ ಇಳಿಸಿದರು. ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ, ಬಿಳಿ ಪರದೆಯ ಮುಂದೆ ಕೂತರು.

"ಬಸ್ ಸ್ಟ್ಯಾಂಡಿಂದ ಬಂದ ದಿನ ನಿನ್ನ ಮುಖ ನೀನು ನೋಡ್ಕೊಂಡಿಲ್ಲ. ನಾನು ದಿನಾ ಮುಖ ನೋಡೋನು. ಅಂಥ ಮುಖ ಪಾಸ್‌ಪೋರ್ಟಿಗೂ ನಡೆಯಲ್ಲ. ಒಂಬತ್ತು ದಿನ ಮಾತಿಲ್ಲ, ಕತೆಯಿಲ್ಲ. ಎರಡು ಸಲ ಸರಿಬಂದ್ರೆ ಧೈರ್ಯ ಬರುತ್ತೆ, ಆಮೇಲೆ ನಿಲ್ಲಿಸೋಣ ಅಂದ್ಕೊಂಡೆ. ನೀನು ಅಷ್ಟು ಖುಷಿಯಾಗಿದ್ದೆ. ಹೆಂಗೆ ನಿಲ್ಲಿಸ್ಲಿ?"

ನಾನು ಫೋಟೋಗಳನ್ನು ಒಟ್ಟುಮಾಡತೊಡಗಿದೆ. ಅಂಚುಗಳನ್ನು ಸರಿಮಾಡಿದೆ. ಕೈಗೆ ಅದೊಂದು ರೋಗ.

"ಮತ್ತೆ ಇದ್ರಲ್ಲಿ ಮೋಸ ಏನಿದೆ ಹೇಳು," ಎಂದರು. ಸ್ವಲ್ಪ ಧೈರ್ಯ ಬಂದಿತ್ತು, ನಗುವೂ ಬಂದಿತ್ತು. "ನೀನು ಎಲೆ ಕೊಡ್ತೀಯ, ಅವ್ರು ಆರಿಸ್ಕೊಂಡೆ ಅಂದ್ಕೋತಾರೆ. ನಾನು ಜನ ಕೊಟ್ಟೆ, ನೀನು ಆರಿಸ್ಕೊಂಡೆ ಅಂದ್ಕೊಂಡೆ. ನಿನ್ನ ವಿದ್ಯೆನೇ ಅಲ್ವಾ?"

"ಅವ್ರು ಎರಡು ನಿಮಿಷ ಮೋಸಹೋಗಿ ಅವ್ರ ಮನೆಗೆ ಹೋಗ್ತಾರೆ. ನಾನು ಮೋಸಹೋಗಿ ನಿಮ್ಮ ಜೊತೆಗೇ ಮನೆಗೆ ಬರ್ತಿದ್ದೆ. ಅನ್ನ ಬಡಿಸ್ಕೊಂಡು ಆವತ್ತಿನ ಕತೆ ಹೇಳ್ತಿದ್ದೆ. ನೀವು ಮೊದಲ ಸಲ ಕೇಳೋರ ಹಂಗೆ ಕೇಳ್ತಿದ್ರಿ."

ಅವರು ಬ್ಯಾಗಿನ ಜಿಪ್ ಎಳೆದು ಮತ್ತೆ ಮುಚ್ಚಿದರು.

"ಲೈಬ್ರರಿ ಮೇಡಂ?"

"ಅವ್ರಿಗೂ... ಒಂದು ಕಾರ್ಯಕ್ರಮ ಇಟ್ಕೊಳ್ಳಿ ಅಂತ ನಾನೇ ಹೇಳ್ದೆ. ಅವ್ರು ಖುಷಿಯಿಂದ ಒಪ್ಕೊಂಡ್ರು."

ಕೇಳಬೇಕಾದ್ದು ಇನ್ನೊಂದಿತ್ತು. ಕೇಳುವ ಮೊದಲು ಡಬ್ಬಿಯ ಮುಚ್ಚಳ ಹಾಕಿ ಅದನ್ನು ಕೌಂಟರಿನ ಕೆಳಗೆ ಅದರ ಜಾಗದಲ್ಲೇ ಇಟ್ಟೆ.

"ಮನೇಲಿ? ಹನ್ನೊಂದು ತಿಂಗಳು?"

ಅವರು ಜೇಬಿನಿಂದ ಲೆನ್ಸ್ ಒರೆಸುವ ಬಟ್ಟೆ ತೆಗೆದರು. ಒರೆಸಲು ಲೆನ್ಸ್ ಇರಲಿಲ್ಲ.

"ಕೆಲವು ಸಲ."

"ಎಷ್ಟು ಸಲ?"

"ಎಣಿಸಿಲ್ಲ ಕಣೇ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎನ್ನುತ್ತಾರೆ. ನನ್ನ ದೂರು ಅಷ್ಟೇ ಅಲ್ಲ. ಮೇಯ್ದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಲೆಕ್ಕ ಹಾಕುವ ಹಾಗೂ ಇರಲಿಲ್ಲ. ದಿನಕ್ಕೆ ಮೂರರಂತೆ ಹನ್ನೊಂದು ತಿಂಗಳಿಗೆ ಸಾವಿರ ಸಲವಾದರೂ ಆಗಿರಬೇಕು. ಕೈ ಎಲ್ಲಿ ಕಲಿಯಿತು, ಎಲ್ಲಿ ಕಲಿತಂತೆ ನಟಿಸಿತು? ತಪ್ಪನ್ನು ತಪ್ಪು ಎನ್ನುವವರಿದ್ದಿದ್ದರೆ ಬೆರಳು ತಿದ್ದಿಕೊಳ್ಳುತ್ತಿತ್ತು. ಮೊದಲ ಮೂರು ತಿಂಗಳು ಅವರು "ಅಲ್ಲ ಕಣೇ" ಎಂದಿದ್ದರಲ್ಲ, ನಾನು ಕಲಿತದ್ದೇನಾದರೂ ಇದ್ದರೆ ಅಷ್ಟೇ.

"ಇನ್ಮೇಲೆ ಇದ್ದದ್ದು ಇದ್ದಂಗೆ ಹೇಳ್ತೀನಿ," ಎಂದರು ಬೀಗ ಹಾಕುತ್ತ. "ನಿನ್ನಾಣೆಗೂ."

ಗುರುವಾರ ಕಾರ್ಖಾನೆಗೆ ವಾರದ ರಜೆ. ನಮ್ಮ ಬೀದಿಯಿಂದ ಹೊರಡುವ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋದೆ. ಐವತ್ತು ನಿಮಿಷದ ದಾರಿ. ಅಲ್ಲಿಯವರು ಫೋಟೋ ತೆಗೆಸಲು ಇಷ್ಟು ದೂರ ಬರುವುದಿಲ್ಲ. ಶೆಡ್ಡಿನ ಕೆಳಗೆ ಎರಡು ಬೆಂಚು, ಒಂದು ನಲ್ಲಿ, ಟಯರ್ ರಿಪೇರಿಯ ಅಂಗಡಿ.

ಆಟವನ್ನು ಬದಲಿಸಿದ್ದೆ. ನಾನು ಎಲೆಯ ಹೆಸರು ಹೇಳುವುದಿಲ್ಲ, ಅವರು ಹೌದೆನ್ನುವುದಿಲ್ಲ. ಕಾರ್ಖಾನೆಯಲ್ಲಿ ಎಣಿಕೆಗೆ ಸಿಕ್ಕಿಸುವ ಚೀಟಿಯ ಮೇಲೆ ಮೊದಲೇ ಬರೆದು, ಮಡಿಸಿ, ಅವರದೇ ಚೀಲದ ಕೆಳಗೆ ಇಡುತ್ತೇನೆ. ಅವರು ಎಲೆ ಎಳೆದು ಬೆಂಚಿನ ಮೇಲೆ ಅಂಗಾತ ಇಡಬೇಕು. ಆಮೇಲೆ ಚೀಟಿ ಬಿಚ್ಚಬೇಕು. ಯಾರ ಬಾಯಿಯೂ ಬೇಕಾಗಿಲ್ಲ.

ಐದು ಜನರಿಗೆ ಮಾಡಿದೆ. ಮೊದಲನೆಯದು ತಪ್ಪು. ಎರಡನೆಯದು ತಪ್ಪು. ಮೂರನೆಯವರು ಟಯರ್ ಅಂಗಡಿಯಾತ, ಕೈಯ ಗ್ರೀಸ್ ಒರೆಸಿಕೊಂಡು ಬಂದು ಎಲೆ ಎಳೆದರು. ಆಟೀನ್ ಏಳು. ಚೀಟಿ ಬಿಚ್ಚಿ ಓದಿದರು, ಎಲೆ ನೋಡಿದರು, ಮತ್ತೆ ಚೀಟಿ ನೋಡಿದರು. "ಇದನ್ನ ಯಾವಾಗ ಬರೆದ್ರಿ?" ಎಂದರು. ದನಿ ತಗ್ಗಿತ್ತು. ಅದು ನಾನು ಕೇಳಿದ ಮೊದಲ ನಿಜವಾದ ಪ್ರಶ್ನೆ ಇರಬೇಕು. ಚೀಟಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋದರು.

ನಾಲ್ಕನೆಯವರು ವಯಸ್ಸಾದ ಒಬ್ಬ ಅಜ್ಜಿ. ಕಪ್ಪು ಹೂವಿನ ಗುರುತಿನ ಕಳಾವರ್ ಮೂರು ಎಳೆದರು. ಚೀಟಿಯನ್ನು ದೂರ ಹಿಡಿದು ಓದಿ, ನನ್ನ ಮುಖ ನೋಡಿ, "ತಪ್ಪಾಯ್ತಲ್ಲ ತಾಯಿ. ಬೇಜಾರು ಮಾಡ್ಕೋಬೇಡ. ಸರಿಯಾಯ್ತು ಅಂದ್ಬಿಡ್ಲಾ?" ಎಂದರು.

"ಬೇಡಜ್ಜಿ."

"ನಂಗೇನು ನಷ್ಟ ಇಲ್ಲಮ್ಮ."

"ನಂಗಿದೆ."

ಅವರು ತಲೆಯಾಡಿಸಿ ಎಲೆ ವಾಪಸ್ ಕೊಟ್ಟರು. ಐದನೆಯದು ಸರಿ. ಐದರಲ್ಲಿ ಎರಡು. ಮೂವತ್ತೆರಡು ಹೌದುಗಳನ್ನು ತೂಗಿದರೆ ಈ ಎರಡೇ ಭಾರ. ವಾಪಸ್ ಬರುವ ಬಸ್ಸಿನಲ್ಲಿ ಪುಸ್ತಕದ ಹೊಸ ಪುಟದಲ್ಲಿ ಒಂದರಿಂದ ಸಂಖ್ಯೆ ಶುರುಮಾಡಿದೆ. ಶನಿವಾರ ಲೈಬ್ರರಿಗೆ ಹೋಗುವುದೆಂದು ನಿರ್ಧರಿಸಿದ್ದೂ ಅಲ್ಲಿಯೇ. ಕಾರ್ಯಕ್ರಮ ಅವರು ಮಾಡಿಸಿದ್ದಿರಬಹುದು, ಎಲೆ ನನ್ನದೇ ತಾನೆ.

ಶುಕ್ರವಾರ ಹೊಸ ಮೂರು ಕಟ್ಟುಗಳನ್ನು ಕಟಿಂಗ್ ಮಾಮನ ಮುಂದೆ ಇಟ್ಟೆ. ಒಂದೇ ಹಾಲ್‌ನಲ್ಲಿ ಎಲ್ಲರಿಗೂ ಆಟೀನ್ ಏಳನ್ನೇ ಕೊಟ್ಟರೆ ಮಕ್ಕಳೂ ನಗುತ್ತವೆ. ಒಂದೊಂದು ಕಟ್ಟಿನಲ್ಲಿ ಒಂದೊಂದು ಎಲೆ ಗಿಡ್ಡ ಮಾಡಿಕೊಟ್ಟರು.

"ಗುರುತಿರೋರಿಗೆ ಟೋಪಿ ಹಾಕೋದು ಸುಲಭ ಅಂದಿದ್ರಲ್ಲ ಮಾಮ. ಸರಿಯಾಗೇ ಹೇಳಿದ್ರಿ."

"ಯಾರು ಯಾರಿಗೆ ಹಾಕಿದ್ರಮ್ಮಾ?"

"ಮೂರೂ ಆಯ್ತಾ?" ಎಂದೆ. ಅವರು ಮೂರೂ ಕಟ್ಟುಗಳ ಅಂಚು ತಟ್ಟಿ ಕೈಗಿಟ್ಟರು.

ಅವತ್ತು ಊಟವಾದ ಮೇಲೆ ಮೇಜು ಒರೆಸಿದೆ. ನಾಲ್ಕು ದಿನದಿಂದ ನಾವು ಬೇಕಾದಷ್ಟೇ ಮಾತಾಡಿದ್ದೆವು. ಗ್ಯಾಸ್ ಮುಗೀತು, ಹಾಲು ತನ್ನಿ, ಅಂಥವು. ಅವರು ನಾನು ಕಟ್ಟು ತೆಗೆದದ್ದನ್ನು ನೋಡಿ ಮೊಬೈಲ್ ಆಫ್ ಮಾಡಿ ದೂರ ಇಟ್ಟರು, ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಷ್ಟು ನೆಟ್ಟಗೆ ಅವರು ನನ್ನೆದುರು ಕೂತದ್ದು ಆ ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಇಲ್ಲ.

"ಇದ್ದದ್ದು ಇದ್ದಂಗೆ ಹೇಳ್ತೀರಲ್ಲ?"

"ಆಣೆ ಹಾಕಿದ್ದೀನಲ್ಲೇ."

ನನ್ನ ಹಳೆಯ ಕಟ್ಟು ಅದು. ಬೀಸಣಿಗೆ ಬಿಚ್ಚಿದೆ. ಅವರು ನಿಧಾನವಾಗಿ ಒಂದು ಎಲೆ ಆರಿಸಿದರು. ನಾನು ಏನನ್ನೂ ಸರಿಸಲಿಲ್ಲ. ಸರಿಸುವುದಕ್ಕೆ ಏನೂ ಇರಲಿಲ್ಲ. ಕಟ್ಟಿನಲ್ಲಿದ್ದದ್ದು ಐವತ್ತೊಂದೇ ಎಲೆ. ಆಟೀನ್ ಏಳು ಒಳಗಿನ ಕೋಣೆಯಲ್ಲಿ, ನನ್ನ ಪುಸ್ತಕದ ಹೊಸ ಪುಟದ ನಡುವೆ ಇತ್ತು.

"ಆಟೀನ್ ಏಳು," ಎಂದೆ.

ಅವರು ಎಲೆಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ಸ್ಟೂಲಿನ ಮೇಲೆ ಕೂತವರ ಗಲ್ಲ ಎಷ್ಟು ಎತ್ತಬೇಕು ಎಂದು ಅಳೆಯುವಾಗ ನೋಡುವ ಹಾಗೆ. ನಲ್ಲಿಯಿಂದ ಪಾತ್ರೆಗೆ ನಾಲ್ಕೈದು ಹನಿ ಬಿದ್ದವು.

"ಹೂಂ," ಎಂದರು. "ಅದೇ. ಈ ಸಲ ನಿಜವಾಗ್ಲೂ ಅದೇ ಕಣೇ."

ಎಲೆಯನ್ನು ಮಗುಚಿ ಹಿಡಿದು ಕಟ್ಟಿನ ನಡುವೆ ಸೇರಿಸಿ, ಅಂಚು ತಟ್ಟಿ, ನನ್ನ ಕಡೆ ಸರಿಸಿದರು. ಅವರ ಮುಖದಲ್ಲಿ ಪ್ರೀತಿ ಇತ್ತು. ಅದನ್ನು ಇಲ್ಲ ಎಂದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ.

ಒಳಗೆ ಹೋಗಿ ಆ ಏಳನ್ನು ತಂದು ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. ಇಟ್ಟಿದ್ದರೆ ಅವರು ಇನ್ನೊಂದು ಆಣೆ ಹಾಕುತ್ತಿದ್ದರು.

"ನಾಳೆ ನೀವು ಲೈಬ್ರರಿಗೆ ಬರೋದು ಬೇಡ," ಎಂದೆ.

"ಹೂಂ," ಎಂದರು.

ಶನಿವಾರ ಓದುವ ಹಾಲ್‌ನಲ್ಲಿ ಇಪ್ಪತ್ತಾರು ಜನರಿದ್ದರು. ಅವರಲ್ಲಿ ಏಳು ಮುಖಗಳು ನಾನು ಡಬ್ಬಿಯಲ್ಲಿ ಕಂಡಿದ್ದವು. ಮುಂದಿನ ಸಾಲಿನಲ್ಲಿದ್ದ ಟೈಲರ್ ತಾನಾಗಿಯೇ ಎದ್ದು ಬಂದಳು. ಬಗ್ಗಿ, ಬೇರೆಯವರಿಗೆ ಕೇಳದಂತೆ, "ಅಕ್ಕಾ, ಈ ಸಲಾನೂ ಹೌದು ಅನ್ಬೇಕಾ?" ಎಂದಳು.

"ಏನೂ ಅನ್ಬೇಡಿ. ಎಲೆ ತೆಗೆದು ಮೇಜಿನ ಮೇಲೆ ಇಡಿ. ಆ ಚೀಟಿ ಬಿಚ್ಚಿ."

ಡೈಮಂಡ್ ರಾಣಿ. ಚೀಟಿಯಲ್ಲೂ ಅದೇ. ಅವಳು ಎರಡನ್ನೂ ಹಿಡಿದು ನಿಂತಳು. ಬಾಯಿ ತೆರೆಯಲಿಲ್ಲ, ಹುಬ್ಬೇರಿಸಲಿಲ್ಲ, ಯಾರ ಕಡೆಯೂ ಕೈ ಎತ್ತಲಿಲ್ಲ. ಚೀಟಿಯನ್ನು ಇನ್ನೊಮ್ಮೆ ಓದಿದಳು.

ನಾಲ್ಕು ಕಟ್ಟು, ನಾಲ್ಕು ಜನ. ಮೂರು ಸರಿ, ಒಂದು ತಪ್ಪು. ತಪ್ಪಾದಾಗ ಹಾಲ್‌ನಲ್ಲಿ ಯಾರೋ "ಪಾಪ" ಎಂದರು. ನಾನು ತಪ್ಪು ಎಂದೇ ಹೇಳಿ ಮುಂದಿನವರನ್ನು ಕರೆದೆ. ನಡುನಡುವೆ ಕಿಟಕಿ, ಬಾಗಿಲು, ಕೊನೆಯ ಸಾಲು ನೋಡಿಕೊಂಡೆ. ನನ್ನ ಗಂಡ ಬಂದಿರಲಿಲ್ಲ. ಆ ಒಂದು ಹೂಂ ಮಾತ್ರ ನಿಜವಾಗಿತ್ತು.

ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅವರು ಹೊಸ್ತಿಲಿನ ಹತ್ತಿರವೇ ನಿಂತಿದ್ದರು.

"ಹೇಗಾಯ್ತು? ಎಲ್ಲಾ ಸರಿಬಂತಾ?"

ನಾನು ಚಪ್ಪಲಿ ಬಿಟ್ಟೆ. ಕಟ್ಟುಗಳಿದ್ದ ಚೀಲವನ್ನು ಮೊಳೆಗೆ ತೂಗುಹಾಕಿದೆ.

"ಹೂಂ," ಎಂದೆ. "ಎಲ್ಲಾ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ದಿನಾ ಮುಖ ನೋಡುವ ಮನುಷ್ಯ. ನಾನು ಹುಬ್ಬೇರಿಸಲಿಲ್ಲ, ನಗಲಿಲ್ಲ.